ಮಸ್ಟರಿಗೆ ಬಿ.ಪಿ. ಮೆಷಿನ್ ಬರಲಿ: ಕೊಡಗಿನ ತೋಟದ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗಿನ ಕಾಫಿ ತೋಟಗಳ ಮಾಲೀಕರು ಮತ್ತು ಮ್ಯಾನೇಜರುಗಳು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಆರೋಗ್ಯ ಇಲಾಖೆ ಮತ್ತು ಕಾರ್ಮಿಕ ಇಲಾಖೆಯ ಅಧಿಕಾರಿಗಳು, ಕೊಡಗು ಜಿಲ್ಲೆ

ವಿಷಯ: ತೋಟದ ಕೆಲಸಗಾರರ ಆರೋಗ್ಯ ತಪಾಸಣೆಯನ್ನು ಕೆಲಸದ ಜಾಗದಲ್ಲೇ, ಕೂಲಿ ಕಡಿಯದೆ, ತಿಂಗಳಿಗೊಮ್ಮೆ ಮಾಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು. ಬೆಳಿಗ್ಗೆ ಮಸ್ಟರಿನಲ್ಲಿ, ಅಂದರೆ ಕೆಲಸಕ್ಕೆ ಹೊರಡುವ ಮುಂಚೆ ಎಲ್ಲರೂ ಸೇರುವ ಹಾಜರಿಯಲ್ಲಿ, ಹೆಸರು ಕರೆಯುವುದು, ಯಾರು ಯಾವ ಬ್ಲಾಕಿಗೆ ಅಂತ ಮೇಸ್ತ್ರಿಗೆ ಹೇಳುವುದು, ಸಂಜೆ ಹಣ್ಣು ತೂಕ ಹಾಕುವುದು, ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ವಾರದ ಕೊನೆಗೆ ಬಟವಾಡೆ ಮಾಡುವುದು. ಇಷ್ಟೇ ನನ್ನ ಕೆಲಸವಾಗಿತ್ತು. ನಾನು ಡಾಕ್ಟರ್ ಅಲ್ಲ, ಸಂಘಟನೆಯ ಲೀಡರ್ ಕೂಡ ಅಲ್ಲ. ಈಗ ನಿವೃತ್ತನಾಗಿದ್ದೇನೆ. ಯಾರ ಮೇಲೂ ಸಿಟ್ಟಿಟ್ಟುಕೊಂಡು ಇದನ್ನು ಬರೆಯುತ್ತಿಲ್ಲ.

ಬರೆಯಲು ಕಾರಣ ಒಂದು ಪಟ್ಟಿ. ಅದನ್ನು ಬರೆದವನು ನಾನೇ.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ ಹುತ್ತರಿ ಹಬ್ಬ ಕಳೆದು ಒಂದು ವಾರಕ್ಕೆ, ನಮ್ಮ ತೋಟದ ಆಫೀಸಿನ ಮುಂದೆ ಆರೋಗ್ಯ ಶಿಬಿರ ಆಯಿತು. ಶಾಮಿಯಾನ ಹಾಕಿದ್ದರು. ದೊಡ್ಡ ಬ್ಯಾನರ್, ಇಪ್ಪತ್ತು ಕುರ್ಚಿ, ಮೇಜಿನ ಮೇಲೆ ಬಿಳಿ ಬಟ್ಟೆ. ಶುರುವಾಗಿದ್ದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಮ್ಮ ಜನ ಒಂದೂವರೆ ಕಿಲೋಮೀಟರ್ ಆಚೆ, ಹೊಳೆ ಕಡೆಯ ಬ್ಲಾಕಿನಲ್ಲಿ ಅರೇಬಿಕಾ ಕೊಯ್ಯುತ್ತಿದ್ದರು. ಕೊಯ್ಲು ಅಂದರೆ ಕಿಲೋ ಲೆಕ್ಕ. ಒಂದು ಗಂಟೆ ಕೆಲಸ ಬಿಟ್ಟು ಬಂದರೆ ಅಷ್ಟು ಹಣ್ಣು ಕಮ್ಮಿ, ಅಷ್ಟು ದುಡ್ಡು ಕಮ್ಮಿ. ಯಾರು ಬರುತ್ತಾರೆ? ಆಫೀಸಿನವರು, ಡ್ರೈವರ್, ವಾಚ್‌ಮನ್, ಕಣದಲ್ಲಿ ಕಾಫಿ ಹರಡುತ್ತಿದ್ದ ನಾಲ್ಕು ಜನ, ಪಕ್ಕದ ಊರಿನ ಕೆಲವರು. ಎಲ್ಲ ಸೇರಿ ಮೂವತ್ತು ಇದ್ದಿರಬಹುದು. ಒಂದು ಗಂಟೆಗೆ ಫೋಟೋ ತೆಗೆದರು, ಊಟ ಮಾಡಿದರು, ಹೊರಟರು.

ಹೊರಡುವ ಮುಂಚೆ ನನ್ನ ಹತ್ತಿರ ಕೆಲಸಗಾರರ ಪಟ್ಟಿ ಕೇಳಿದರು. ರಿಪೋರ್ಟಿಗೆ ಬೇಕು ಅಂದರು. ನಾನು ಚೆಕ್‌ರೋಲ್ ಮುಂದಿಟ್ಟುಕೊಂಡು 84 ಹೆಸರು ಬರೆದುಕೊಟ್ಟೆ. ಹೆಸರು, ವಯಸ್ಸು, ಗಂಡೋ ಹೆಣ್ಣೋ. ಪಕ್ಕದಲ್ಲಿ ಬಿ.ಪಿ. ಅಂತ ಒಂದು ಕಾಲಂ ಇತ್ತು. ಅದನ್ನು ಅವರೇ ತುಂಬಿಕೊಳ್ಳುತ್ತೇವೆ ಅಂದರು. ಯಾರನ್ನೂ ನೋಡದೆ ಏನು ತುಂಬುತ್ತೀರಿ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ಪಟ್ಟಿಯಲ್ಲಿ 37ನೇ ಹೆಸರು ಒಬ್ಬ ಹೆಣ್ಣುಮಗಳದ್ದು. ವಯಸ್ಸು 46. ನಮ್ಮ ತೋಟದಲ್ಲಿ 22 ವರ್ಷ ಕೆಲಸ ಮಾಡಿದವರು. ಅವರ ಹೆಸರು ಇಲ್ಲಿ ಬರೆಯಲ್ಲ. ಕೊಯ್ಲಿನಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅವರು ಕೊಯ್ದ ಗಿಡದ ಬುಡ ನೋಡಿದರೆ ಒಂದು ಹಣ್ಣು ಬಿದ್ದಿರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು ಜೋರಾಗಿತ್ತು. ಸಂಜೆ ನಾಲ್ಕೂವರೆ, ತೂಕದ ಹೊತ್ತು. ಸಾಲಿನಲ್ಲಿ ಅವರ ಸರದಿ ಬಂತು. ಚೀಲ ಎತ್ತಿ ತಕ್ಕಡಿ ಮೇಲೆ ಇಡಲು ಬಗ್ಗಿದವರು ಹಾಗೇ ಚೀಲದ ಮೇಲೆ ಕೂತುಬಿಟ್ಟರು. ನಾನು ಪೆನ್ನು ಹಿಡಿದು ಕಾಯುತ್ತಾ ಇದ್ದೆ. "ಎದ್ದೇಳಮ್ಮ, ಹಿಂದೆ ಜನ ಇದಾರೆ" ಅಂದೆ. ಅವರು ನನ್ನ ಮುಖ ನೋಡಿ ಏನೋ ಹೇಳಿದರು. ಮಾತು ಸರಿಯಾಗಿ ಹೊರಡಲಿಲ್ಲ. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಬಲಗೈ ತೊಡೆ ಮೇಲೆ ಬಿದ್ದಿತ್ತು, ಬೆರಳಿನ ತುಂಬ ಕಾಫಿ ಹಣ್ಣಿನ ಅಂಟು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಎತ್ತಿ ನೋಡುತ್ತಿದ್ದರು.

ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಬಿ.ಪಿ. ನೋಡಿದಾಗ 210 ಇತ್ತು. ಪಾರ್ಶ್ವವಾಯು, ಮೈಸೂರಿಗೆ ಹೋಗಿ ಅಂದರು. ನಮ್ಮ ಕಡೆಯಿಂದ ಮೈಸೂರಿಗೆ ಎರಡೂವರೆ, ಮೂರು ಗಂಟೆ ದಾರಿ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ನಾವು ತೋಟದಿಂದ ರಸ್ತೆಗೆ ಬರುವುದು, ಹತ್ತಿರದ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸ್ ಸಿಗುವುದು, ಎಲ್ಲ ಸೇರಿ ಮೈಸೂರು ಮುಟ್ಟುವಾಗ ರಾತ್ರಿ ಹತ್ತೂವರೆ.

ಅವರು ಬದುಕಿದರು. ಬಲಗೈ ವಾಪಸ್ ಬರಲಿಲ್ಲ.

ಒಂದು ಮಾತು ಯೋಚನೆ ಮಾಡಿ. ಡಿಸೆಂಬರಿನ ಆ ಶಿಬಿರದಲ್ಲಿ ಅವರ ತೋಳಿಗೆ ಬಿ.ಪಿ. ಮೆಷಿನ್ನಿನ ಬಟ್ಟೆ ಪಟ್ಟಿ ಸುತ್ತಿ ಎರಡು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತು. ಬಿ.ಪಿ. 140/90 ದಾಟಿದರೆ ಜಾಸ್ತಿ ಅಂತ ಲೆಕ್ಕ. ಅದು ಜಾಸ್ತಿ ಇದೆ ಅಂತ ಮೈಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರ ಇಲ್ಲ. ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ಅವರನ್ನು ಯಾರೂ ಅಳೆಯಲಿಲ್ಲ. ಆದರೆ ಎಲ್ಲೋ ಒಂದು ಫೈಲಿನಲ್ಲಿ 37ನೇ ಹೆಸರಾಗಿ ಅವರ ತಪಾಸಣೆ ಆಗಿಹೋಗಿದೆ. ನನ್ನ ಕೈಬರಹದಲ್ಲಿ.

ಮಾಲೀಕರೇ, ನೀವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಡುರಾತ್ರಿ ಕೆಲಸಗಾರರ ಲೈನ್ ಮನೆಯಲ್ಲಿ ಹೆರಿಗೆ ನೋವು ಬಂದಾಗ ತಾವೇ ಜೀಪು ಓಡಿಸಿಕೊಂಡು ಬಂದ ಮಾಲೀಕರನ್ನು ನೋಡಿದ್ದೇನೆ. ಕೆಲಸಗಾರನ ಆಪರೇಷನ್ನಿಗೆ ದುಡ್ಡು ಕೊಟ್ಟು ಅದನ್ನು ಮತ್ತೆ ಕೇಳದವರನ್ನೂ ನೋಡಿದ್ದೇನೆ. ಜೀಪು ಬೇಕಾದಾಗ ನೀವು ಕೊಡುತ್ತೀರಿ. ಆದರೆ ಜೀಪು ಬೇಕಾಗುವ ತನಕ ನಾವೆಲ್ಲ ಕಾಯುತ್ತೇವೆ. ನನ್ನ ತಕರಾರು ಇದೊಂದೇ.

ಗಿಡದ ವಿಷಯದಲ್ಲಿ ನಾವು ಹಾಗೆ ಕಾಯುವುದಿಲ್ಲ. ಅರೇಬಿಕಾ ಇರುವವರಿಗೆ ಕಾಂಡ ಕೊರಕದ ಭಯ ಗೊತ್ತು. ದುಂಬಿ ಹೊರಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು ಸಲ. ಅದಕ್ಕಿಂತ ಮುಂಚೆ ಟ್ರೇಸಿಂಗ್ ಮಾಡಿಸುತ್ತೇವೆ. ಸಾಲು ಬಿಡದೆ ನಡೆದು, ಒಂದೊಂದು ಗಿಡದ ಕಾಂಡ ನೋಡಿ, ಉಬ್ಬು ಗೆರೆ ಇದೆಯಾ, ಎಲೆ ಹಳದಿ ಆಗಿದೆಯಾ ಅಂತ ಹುಡುಕುತ್ತೇವೆ. ಗಿಡ ಹೊರಗೆ ಹಸಿರಾಗಿ ಕಂಡರೂ ಒಳಗೆ ಹುಳ ಇರಬಹುದು ಅಂತ ನಮಗೆ ಗೊತ್ತು. ಸಾವಿರಾರು ಗಿಡ ಹೀಗೆ ನೋಡಿಸಲು ನಮಗೆ ಆಳು ಇದೆ, ದಿನ ಇದೆ, ರಿಜಿಸ್ಟರ್ ಇದೆ. ಆ ಟ್ರೇಸಿಂಗ್ ಮಾಡುವ 84 ಜನರನ್ನು ನೋಡಲು ಒಂದು ಬೆಳಿಗ್ಗೆ ಯಾಕೆ ಇಲ್ಲ?

ಇನ್ನು ಚೆಕ್‌ರೋಲಿನ ವಿಷಯ. ಬಂದವರಿಗೆ ಒಂದು ಗೆರೆ, ಅರ್ಧ ದಿನ ಆದರೆ ಅರ್ಧ ಗೆರೆ, ಬರದಿದ್ದರೆ ಸೊನ್ನೆ. ಸೊನ್ನೆ ಯಾಕೆ ಅಂತ ಬರೆಯಲು ಅದರಲ್ಲಿ ಜಾಗ ಇಲ್ಲ. 31 ವರ್ಷ ನಾನು ಸೊನ್ನೆ ಹಾಕಿದ್ದೇನೆ. ನಮ್ಮಲ್ಲಿ ಯರವ ಆದಿವಾಸಿಗಳ ಒಬ್ಬ ಹುಡುಗ ಇದ್ದ. ಮಳೆಗಾಲ ಬಂತೆಂದರೆ ತಿಂಗಳಲ್ಲಿ ಏಳೆಂಟು ಸೊನ್ನೆ. ಕೈಕಾಲು ನೋವು, ಮೂಳೆ ಒಡೆದ ಹಾಗೆ ಆಗುತ್ತೆ ಅನ್ನುತ್ತಿದ್ದ. ಮೇಸ್ತ್ರಿ ಅವನನ್ನು ಸೋಮಾರಿ ಅಂದ. ನಾನೂ ಹಾಗೇ ಅಂದುಕೊಂಡೆ. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ ಕುಡಗೋಲು ಕಣ ರೋಗ ಅಂತ ಬಂತು. ಸಿಕಲ್ ಸೆಲ್ ಅನ್ನುತ್ತಾರಲ್ಲ, ಅದು. ಆ ರೋಗ ಇದ್ದವರಿಗೆ ಚಳಿ ಹಿಡಿದರೆ, ಮೈಯಲ್ಲಿ ನೀರು ಕಮ್ಮಿಯಾದರೆ ತಡೆಯಲಾಗದ ನೋವು ಬರುತ್ತದೆ. ಜುಲೈ ಮಳೆಯಲ್ಲಿ ನೆನೆದುಕೊಂಡು ಗೊಬ್ಬರ ಹಾಕು ಅಂತ ಅವನನ್ನು ಕಳಿಸಿದವನು ನಾನು.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಮಿಷನ್ ಶುರು ಮಾಡಿದೆ. 2047ಕ್ಕೆ ಗುರಿ ಇಟ್ಟಿದೆ. ಕರ್ನಾಟಕವೂ ಅದರಲ್ಲಿ ಇದೆ. 40 ವರ್ಷದ ಒಳಗಿನವರನ್ನು ಪರೀಕ್ಷೆ ಮಾಡಬೇಕು. ಕೊಡಗಿನಲ್ಲಿ ಯರವರು, ಜೇನು ಕುರುಬರು, ಬೆಟ್ಟ ಕುರುಬರು ಹಗಲು ಹೊತ್ತು ಎಲ್ಲಿ ಸಿಗುತ್ತಾರೆ? ನಮ್ಮ ನಿಮ್ಮ ತೋಟದಲ್ಲಿ, ಅಲ್ವಾ?

ಆಶಾ ಕಾರ್ಯಕರ್ತೆಯರ ಕಷ್ಟವೂ ಇದೇ. ಮನೆ ಮನೆಗೆ ಹೋಗಿ ಬಿ.ಪಿ., ಸಕ್ಕರೆ ಕಾಯಿಲೆ ನೋಡಿ ಅಂತ ಸರ್ಕಾರ ಹೇಳುತ್ತದೆ. ಒಳ್ಳೆಯ ಕಾರ್ಯಕ್ರಮವೇ. ಆದರೆ ಅವರು ಹನ್ನೊಂದು ಗಂಟೆಗೆ ಲೈನ್ ಮನೆಗೆ ಬಂದರೆ ಸಾಲಿಗೆ ಸಾಲೇ ಬೀಗ. ಒಬ್ಬ ಅಜ್ಜಿ, ಎರಡು ಮಕ್ಕಳು, ಒಂದು ನಾಯಿ ಇರುತ್ತದೆ, ಅಷ್ಟೇ. ಸಂಜೆ ಬರೋಣ ಅಂದರೆ ಕಾಡಾನೆ ಭಯ. ತೋಟದ ಒಳಗಿನ ದಾರಿಯಲ್ಲಿ ಆರು ಗಂಟೆ ಮೇಲೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ನಡೆಯುವ ಹಾಗಿಲ್ಲ. ಹಾಗಾಗಿ ಈ ಜನರೆಲ್ಲ ಒಂದೇ ಕಡೆ ಸಿಗುವ ಹೊತ್ತು ದಿನದಲ್ಲಿ ಒಂದೇ ಒಂದು. ಬೆಳಿಗ್ಗೆ ಮಸ್ಟರ್.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ತೋಟದಲ್ಲೇ ಹನ್ನೊಂದು ತಿಂಗಳು ಮಾಡಿದ್ದೇವೆ.

ಆ ಹೆಣ್ಣುಮಗಳಿಗೆ ಹಾಗಾದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಉಪಕೇಂದ್ರದಲ್ಲಿ ಹೊಸದಾಗಿ ಬಂದಿದ್ದ ಸಮುದಾಯ ಆರೋಗ್ಯ ಅಧಿಕಾರಿಯ ಹತ್ತಿರ ಹೋಗಿ ಕೇಳಿದೆ. ನಮ್ಮ ಮಗಳ ವಯಸ್ಸಿನ ಹುಡುಗಿ. "ಬೆಳಿಗ್ಗೆ ಏಳೂವರೆಗೆ ಬರ್ತೀರಾಮ್ಮ?" ಅಂದೆ. ಬಂದರು. ಆಗ ಇದ್ದ ಮ್ಯಾನೇಜರ್ ಒಳ್ಳೆ ಮನುಷ್ಯ, ಬೇಡ ಅನ್ನಲಿಲ್ಲ. ಮಸ್ಟರ್ ಶೆಡ್ಡಿನ ಬೆಂಚಿನ ಮೇಲೆ ಆರು ಜನರನ್ನು ಸಾಲಾಗಿ ಕೂರಿಸಿದರು. ಬಂದ ತಕ್ಷಣ ಅಳೆಯಬಾರದಂತೆ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನು ಆನಿಸಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆ ಮಟ್ಟಕ್ಕೆ ಇರಬೇಕು. ಅರ್ಧ ಗಂಟೆ ಮುಂಚೆಯಿಂದ ಕಾಫಿ ಕುಡಿದಿರಬಾರದು, ಹೊಗೆಸೊಪ್ಪು ಹಾಕಿರಬಾರದು. ಹೊಗೆಸೊಪ್ಪಿನ ಮಾತು ಬಂದಾಗ ಅರ್ಧ ಜನ ಎದ್ದುಹೋಗಿ ಉಗಿದು ಬಂದರು. ಅವರನ್ನು ಮತ್ತೆ ಸಾಲಿನ ಕೊನೆಗೆ ಕೂರಿಸಿದರು.

ಮೊದಲ ದಿನ ಹೆಂಗಸರು ಹೆದರಿದರು. ಜಾಸ್ತಿ ಬಂದರೆ ಕೆಲಸದಿಂದ ತೆಗೀತಾರಾ ಅಂತ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಇದನ್ನು ದಯವಿಟ್ಟು ಗಮನಿಸಿ. ತಪಾಸಣೆ ಅಂದರೆ ನಮ್ಮ ಜನರಿಗೆ ಮೊದಲು ಬರುವ ಭಯ ಇದೇ. ಯಾರನ್ನೂ ತೆಗೆಯುವುದಿಲ್ಲ ಅಂತ ಮ್ಯಾನೇಜರ್ ಮಸ್ಟರಿನಲ್ಲಿ ನಿಂತು ಹೇಳಿದ ಮೇಲೆಯೇ ಅವರು ತೋಳು ಚಾಚಿದ್ದು.

ಎರಡು ಬೆಳಿಗ್ಗೆಯಲ್ಲಿ 67 ಜನರನ್ನು ನೋಡಿದರು. 19 ಜನರಿಗೆ ಬಿ.ಪಿ. ಜಾಸ್ತಿ ಇತ್ತು. ಅದರಲ್ಲಿ 12 ಜನರಿಗೆ ಅದು ಗೊತ್ತೇ ಇರಲಿಲ್ಲ. ನಮ್ಮ ಮೇಸ್ತ್ರಿಗೆ 190/110. ಆ ಮನುಷ್ಯ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದ! ಒಂದು ವಾರ ಬಿಟ್ಟು ಮತ್ತೆ ನೋಡಿ, ಡಾಕ್ಟರ ಹತ್ತಿರ ಕಳಿಸಿ, ಮಾತ್ರೆ ಶುರು ಮಾಡಿದರು. ತಿಂಗಳ ಮಾತ್ರೆ ಒಂದು ತಗಡಿನ ಡಬ್ಬಿಯಲ್ಲಿ ಮಸ್ಟರ್ ಶೆಡ್ಡಿಗೇ ಬರುತ್ತಿತ್ತು. ಪ್ರತಿಯೊಬ್ಬರ ಹೆಸರಿನ ಪೊಟ್ಟಣ. ಓದಲು ಬಾರದವರಿಗೆ ಬೆಳಗಿನ ಮಾತ್ರೆ ಪೊಟ್ಟಣಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದಿದ್ದರು. ಅಸ್ಸಾಮಿನಿಂದ ಬಂದಿದ್ದ ಕೆಲಸಗಾರರಿಗೂ ಇದರಿಂದ ಅರ್ಥ ಆಯಿತು. ಕನ್ನಡದ ಕರಪತ್ರ ಕೊಟ್ಟಿದ್ದರೆ ಆಗುತ್ತಿರಲಿಲ್ಲ.

ಇದಕ್ಕೆ ತೋಟಕ್ಕೆ ತಗುಲಿದ ಖರ್ಚು ಎಷ್ಟು? ಒಂದು ಬಿ.ಪಿ. ಮೆಷಿನ್, ಎರಡು ಸಾವಿರದ ಆಸುಪಾಸು. ತಿಂಗಳಿಗೊಂದು ಬೆಳಿಗ್ಗೆ ಮುಕ್ಕಾಲು ಗಂಟೆ ತಡ. ಆ ಮುಕ್ಕಾಲು ಗಂಟೆಗೆ ಕೂಲಿ ಕಡಿಯಲಿಲ್ಲ. ಆಮೇಲೆ ಮ್ಯಾನೇಜರ್ ಬದಲಾದರು. ಮಸ್ಟರ್ ತಡ ಆಗುತ್ತೆ, ಸಂತೆ ದಿನ ಆಸ್ಪತ್ರೆಗೆ ಹೋಗಲಿ ಅಂದರು. ಅಲ್ಲಿಗೆ ನಿಂತಿತು. ಸಂತೆ ದಿನ ಎಂದರೆ ರಜೆಯ ದಿನ. ಅಕ್ಕಿ, ಸಾಮಾನು ತರಬೇಕು, ಬಟ್ಟೆ ಒಗೆಯಬೇಕು, ಸೌದೆ ತರಬೇಕು. ಹೊರರೋಗಿ ವಿಭಾಗವೂ ರಜೆಯ ದಿನ ಮುಚ್ಚಿರುತ್ತದೆ. ಮೂರು ತಿಂಗಳಲ್ಲಿ ಮಾತ್ರೆ ಬಿಟ್ಟವರೇ ಜಾಸ್ತಿ ಆದರು.

ಮಸ್ಟರ್ ತಡ ಆಗುವ ಲೆಕ್ಕ ಹಾಕುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಆ 37ನೇ ಹೆಸರಿನವರು 22 ವರ್ಷ ಪಳಗಿದ ಕೈ. ಅದು ಹೋಯಿತು. ಅವರನ್ನು ನೋಡಿಕೊಳ್ಳಲು ಗಂಡ ಎರಡು ತಿಂಗಳು ಕೆಲಸಕ್ಕೆ ಬರಲಿಲ್ಲ. ಆ ವರ್ಷ ಕಾಳುಮೆಣಸು ಕೊಯ್ಯಲು ಏಣಿ ಹತ್ತುವ ಆಳಿಲ್ಲದೆ ನಾವೇ ಪರದಾಡಿದೆವು, ಹತ್ತುತ್ತಿದ್ದವರು ಆ ಗಂಡನೇ. ಈಗ ಕೊಡಗಿನಲ್ಲಿ ಆಳು ಸಿಗುವುದಿಲ್ಲ ಅಂತ ಪ್ರತಿ ಮೀಟಿಂಗಿನಲ್ಲೂ ಮಾತು. ಇರುವ ಆಳನ್ನು ಉಳಿಸಿಕೊಳ್ಳುವ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಬಿ.ಪಿ. ಒಂದೇ ಅಲ್ಲ. ನಾನು ಗಂಡಸು, ನನಗೆ ಬಹಳ ತಡವಾಗಿ ತಿಳಿದ ವಿಷಯ ಒಂದಿದೆ. ಕೊಯ್ಲಿನ ಹೆಂಗಸರು ಬೆಳಿಗ್ಗೆಯಿಂದ ಸಂಜೆ ತನಕ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅಂತಲ್ಲ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಜಾಗ ಇಲ್ಲ. ಸುತ್ತ ಗಂಡಸರು, ಕೆಳಗೆ ಜಿಗಣೆ, ಹಾವು. ತಿಂಗಳ ಮುಟ್ಟಿನ ದಿನಗಳಲ್ಲಿ ಇನ್ನೂ ಕಷ್ಟ. ಫೆಬ್ರವರಿ ಬಿಸಿಲಿನಲ್ಲಿ ಎಂಟು ಗಂಟೆ ನೀರಿಲ್ಲದೆ ಕೆಲಸ ಮಾಡಿದರೆ ಉರಿಮೂತ್ರ ಬರದೆ ಇನ್ನೇನು ಬರುತ್ತದೆ? ಇದನ್ನು ನನಗೆ ಹೇಳಿದ್ದು ನನ್ನ ಹೆಂಡತಿ. ತೂಕದ ಹತ್ತಿರ ದಿನಾ ನನ್ನ ಮುಂದೆ ನಿಲ್ಲುತ್ತಿದ್ದ ನಲವತ್ತು ಹೆಂಗಸರಲ್ಲಿ ಒಬ್ಬರೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ?

1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಎಲ್ಲ ಬರೆದಿತ್ತು. ಐದು ಹೆಕ್ಟೇರ್ ಮತ್ತು ಹದಿನೈದು ಕೆಲಸಗಾರರು ಇದ್ದ ತೋಟಕ್ಕೆ ಅದು ಅನ್ವಯ ಆಗುತ್ತಿತ್ತು. ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 40 ವರ್ಷ ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಆಗಬೇಕು ಅಂತ ಸರ್ಕಾರವೇ ಹೇಳಿದೆ. ಆ ತಪಾಸಣೆಯೂ ಶಾಮಿಯಾನ, ಬ್ಯಾನರ್, ರೈಟರ್ ಬರೆದ ಪಟ್ಟಿ ಆಗಿಬಿಡುತ್ತದಾ ಅನ್ನುವುದೇ ನನ್ನ ಹೆದರಿಕೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಗಿಡಕ್ಕೆ ಔಷಧಿ ಹೊಡೆಯುವವರ ವಿಷಯವನ್ನೂ ಹೇಳಬೇಕು. ಮಳೆಗೆ ಮುಂಚೆ ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಳತೆ ತಪ್ಪಿದರೆ ಎಲೆ ಸುಡುತ್ತದೆ ಅಂತ ಎಷ್ಟು ಜಾಗ್ರತೆ ಮಾಡುತ್ತೇವೆ! ಹೊಡೆದವನು ನೀಲಿ ಕೈಯಲ್ಲೇ ಬುತ್ತಿ ಬಿಚ್ಚುತ್ತಾನೆ. ಕೆರೆ ಹತ್ತಿರ ಒಂದು ತುಂಡು ಸೋಪು ಇಟ್ಟಿರುವುದಿಲ್ಲ. ಕಳೆನಾಶಕ ಇನ್ನೂ ಅಪಾಯ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ. ಅದರ ಖಾಲಿ ಕ್ಯಾನ್ ಲೈನ್ ಮನೆಯಲ್ಲಿ ನೀರು ತುಂಬಿಡಲು ಬಳಸಿದ್ದನ್ನು ನಾನೇ ನೋಡಿ ಕಿತ್ತು ತಂದಿದ್ದೇನೆ. ಖಾಲಿ ಕ್ಯಾನುಗಳನ್ನು ತೂತು ಮಾಡಿ ಸ್ಟೋರಿಗೆ ವಾಪಸ್ ತೆಗೆದುಕೊಳ್ಳಿ. ಇದಕ್ಕೆ ದುಡ್ಡು ಬೇಡ. ಮೆಣಸಿನ ಕೊಯ್ಲಿಗೆ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಸತ್ತವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ತಂತಿ ಹಾದುಹೋಗುವ ಸಾಲಿನಲ್ಲಿ ಆ ಏಣಿ ಕೊಡಲೇಬೇಡಿ.

ಕುಡಿತದ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ನಾನು ಮಾಡಲ್ಲ. 50 ಕಿಲೋ ಚೀಲ ತಲೆ ಮೇಲೆ ಹೊತ್ತು ಇಳಿಜಾರಿನಲ್ಲಿ ನಾಲ್ಕು ಸಲ ಇಳಿದವನಿಗೆ ರಾತ್ರಿ ಸೊಂಟ ನೆಲಕ್ಕೆ ತಾಗುವುದಿಲ್ಲ. ಕುಡಿದರೆ ನಿದ್ದೆ ಬರುತ್ತೆ ರೈಟ್ರೇ ಅಂತ ನನಗೇ ಹೇಳಿದ್ದಾರೆ. ಚೀಲವನ್ನು 30 ಕಿಲೋಗೆ ಇಳಿಸಿ, ಟ್ರ್ಯಾಕ್ಟರ್ ಇನ್ನೂ ಸ್ವಲ್ಪ ಹತ್ತಿರ ತನ್ನಿ. ಕುಡಿತ ಪೂರ್ತಿ ನಿಲ್ಲುತ್ತದೆ ಅನ್ನಲ್ಲ. ಆದರೆ ಸೊಂಟ ನೋವಿಗೆ ಏನೂ ಮಾಡದೆ ಕುಡಿಯಬೇಡಿ ಅನ್ನುವುದು ನ್ಯಾಯ ಅಲ್ಲ.

ಹಾಗೇ ಶಿಬಿರದಲ್ಲಿ ಹೇಳುವ ಬುದ್ಧಿಮಾತು. ದಿನಾ ಅರ್ಧ ಗಂಟೆ ನಡೆಯಿರಿ ಅಂತ ಆ ಶಿಬಿರದ ಕರಪತ್ರದಲ್ಲಿ ಇತ್ತು. ಕೂತು ಕೆಲಸ ಮಾಡುವ ನನ್ನಂಥವರಿಗೆ ಅದು ಸರಿ. ನನಗೂ ಸಕ್ಕರೆ ಕಾಯಿಲೆ ಇದೆ, ನಾನು ನಡೆಯುತ್ತೇನೆ. ಇಡೀ ದಿನ ಗುಡ್ಡದಲ್ಲಿ ನಡೆಯುವವರಿಗೆ ಬೇಕಾದ ಮಾತು ಬೇರೆ. ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಒಳಗೆ ಇರಬೇಕು, ಅಂದರೆ ಒಂದು ಟೀ ಚಮಚ. ನಮ್ಮವರ ಬುತ್ತಿಯಲ್ಲಿ ಗಂಜಿ, ಉಪ್ಪಿನಕಾಯಿ, ಒಣಮೀನು. ತರಕಾರಿ ಸಂತೆಯಿಂದ ಬಂದ ಎರಡು ದಿನ ಮಾತ್ರ. ಉಪ್ಪು ಕಮ್ಮಿ ಮಾಡಿ ಅಂತ ಹೇಳಿ ಹೋಗುವ ಬದಲು ಲೈನ್ ಮನೆ ಹಿಂದೆ ನಾಲ್ಕು ಸೆಂಟು ಜಾಗ, ಒಂದು ನಲ್ಲಿ ಕೊಟ್ಟರೆ ಬಸಳೆ, ನುಗ್ಗೆ, ಪಪ್ಪಾಯಿ ಅವರೇ ಬೆಳೆದುಕೊಳ್ಳುತ್ತಾರೆ. ಕೊಡಗಿನ ಮಣ್ಣಿನಲ್ಲಿ ಏನು ಬರಲ್ಲ ಹೇಳಿ!

ಈಗ ನನ್ನ ಬೇಡಿಕೆ. ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿ. ಆ ಬೆಳಿಗ್ಗೆ ಮಸ್ಟರಿನಲ್ಲಿ ಬಿ.ಪಿ., ತೂಕ, ಬೇಕಾದವರಿಗೆ ಸಕ್ಕರೆ ಮತ್ತು ರಕ್ತದ ಪರೀಕ್ಷೆ ಆಗಲಿ. ಆ ಹೊತ್ತಿನ ಕೂಲಿ ಕಡಿಯಬೇಡಿ. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದವರಿಗೆ ಒಂದು ಗಂಟೆಯ ದುಡ್ಡು ಸೇರಿಸಿ ಕೊಡಿ. ಮಾತ್ರೆ ಮಸ್ಟರಿಗೇ ಬರಲಿ. ಜಾಸ್ತಿ ಬಂದವರನ್ನು ಕೆಲಸದಿಂದ ತೆಗೆಯುವುದಿಲ್ಲ ಅಂತ ಮೊದಲ ದಿನವೇ ಎಲ್ಲರ ಮುಂದೆ ನೀವೇ ಹೇಳಿ. ಯಾರಿಗೆ ಯಾವ ಕಾಯಿಲೆ ಅನ್ನುವುದು ಆರೋಗ್ಯದವರ ಹತ್ತಿರ ಇರಲಿ, ಚೆಕ್‌ರೋಲಿನಲ್ಲಿ ಬೇಡ. ಕೊಯ್ಲು ನಡೆಯುವ ಬ್ಲಾಕಿಗೆ ಎತ್ತಿಕೊಂಡು ಹೋಗಬಹುದಾದ ಒಂದು ತಗಡಿನ ಶೌಚಾಲಯ, ಪಕ್ಕದಲ್ಲಿ ಒಂದು ಡ್ರಮ್ ನೀರು, ಸೋಪು. ಇಷ್ಟು ಈ ಕೊಯ್ಲಿನೊಳಗೆ ಆಗುವ ಕೆಲಸ.

ಸಣ್ಣ ಬೆಳೆಗಾರರು ಇದು ನಮ್ಮಿಂದ ಆಗಲ್ಲ ಅನ್ನಬಹುದು. ಕೊಡಗಿನಲ್ಲಿ ಅವರೇ ಜಾಸ್ತಿ. ಎಂಟು ಹತ್ತು ಆಳು ಇರುವ ನಾಲ್ಕೈದು ತೋಟ ಸೇರಿ ಒಂದು ಕಡೆ ಮಾಡಬಹುದು. ಅಂಗನವಾಡಿ ಇದೆ, ಶಾಲೆ ಕಟ್ಟೆ ಇದೆ. ಆಳನ್ನು ಜೀಪಿನಲ್ಲಿ ಕರೆತರುವ ದಾರಿಯಲ್ಲೇ ಅದು ಸಿಗುತ್ತದೆ.

ಮಾನ್ಯ ಜಿಲ್ಲಾಧಿಕಾರಿಗಳಲ್ಲಿ ಎರಡು ವಿನಂತಿ. ತೋಟ ಇರುವ ಊರುಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರು ವಾರದಲ್ಲಿ ಒಂದು ದಿನ ಬೆಳಿಗ್ಗೆ ಏಳೂವರೆಗೆ ಮಸ್ಟರಿಗೆ ಹೋಗಲಿ, ಅದನ್ನು ಅವರ ಡ್ಯೂಟಿ ಅಂತಲೇ ಲೆಕ್ಕ ಹಾಕಿ, ಹೋಗಿ ಬರಲು ಗಾಡಿ ಕೊಡಿ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳು ಜೊತೆಗೆ ಬಂದರೆ ಅವರಿಗೂ ಕಲಿತ ಹಾಗೆ ಆಗುತ್ತದೆ. ಇನ್ನೊಂದು, ಶಿಬಿರ ಆಯಿತು ಅಂತ ಯಾರಾದರೂ ರಿಪೋರ್ಟ್ ಕೊಟ್ಟರೆ ಹೆಸರಿನ ಪಟ್ಟಿ ನೋಡಿ ಒಪ್ಪಿಕೊಳ್ಳಬೇಡಿ. ಪ್ರತಿ ಹೆಸರಿನ ಮುಂದೆ ಅಳೆದ ಅಂಕಿ ಮತ್ತು ಆ ಕೆಲಸಗಾರರ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಅದರಲ್ಲಿ ಹತ್ತು ಜನರನ್ನು ಕರೆಸಿ ಕೇಳಿ, ನಿಮ್ಮನ್ನು ನೋಡಿದರಾ ಅಂತ.

ತೋಟದ ರೈಟರುಗಳಿಗೂ ಒಂದು ಮಾತು. ನೋಡದವರ ಹೆಸರು ಬರೆಯಬೇಡಿ. ಮೇಲಿನವರು ಕೇಳಿದರೂ ಬರೆಯಬೇಡಿ.

37ನೇ ಹೆಸರಿನವರು ಈಗಲೂ ಅದೇ ಲೈನ್ ಮನೆಯಲ್ಲಿ ಇದ್ದಾರೆ. ಗಂಡನ ಕೆಲಸದ ಮೇಲೆ ಮನೆ ಉಳಿದಿದೆ. ಎಡಗೈಯಲ್ಲಿ ಅಡುಗೆ ಮಾಡುವುದನ್ನು ಕಲಿತಿದ್ದಾರೆ. ನಾನು ತಿಂಗಳಿಗೊಮ್ಮೆ ಹೋಗಿ ಅವರ ಬಿ.ಪಿ. ನೋಡಿ ಬರುತ್ತೇನೆ. ತೋಟದ ಆ ಹಳೇ ಮೆಷಿನ್ನನ್ನು ಕೇಳಿ ಇಸಿದುಕೊಂಡಿದ್ದೇನೆ, ಇನ್ನೂ ಚೆನ್ನಾಗಿ ಓಡುತ್ತದೆ. ಕಳೆದ ವಾರ 136 ಇತ್ತು.

ನಿಮ್ಮ ತೋಟದಲ್ಲಿ ಶುರು ಮಾಡುವುದಾದರೆ ಹೇಳಿ ಕಳಿಸಿ. ಮೊದಲ ಎರಡು ಮೂರು ತಿಂಗಳು ನಾನೇ ಮೆಷಿನ್ ತೆಗೆದುಕೊಂಡು ಬಂದು ಆರೋಗ್ಯದವರ ಜೊತೆ ಕೂರುತ್ತೇನೆ. ನನಗೆ ಏನೂ ಕೊಡಬೇಡಿ. ಬೆಳಿಗ್ಗೆ ಏಳು ಗಂಟೆಗೆ ರಸ್ತೆಯಿಂದ ಮಸ್ಟರ್ ಶೆಡ್ಡಿನ ತನಕ ಜೀಪು ಕಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೋಟದ ರೈಟರ್
ಸಿದ್ದಾಪುರ, ಕೊಡಗು